ಪುಸ್ತಕವಿದ್ದ ಜಾಗದಲ್ಲಿ

"ಅದನ್ನ ಅಲ್ಲಿ ಇಡಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕ್ರಿ ನಿಮಗ?"

ಸಂಜೀವ ಅಪ್ಪನ ಹೆಣದ ಪಾದದ ಹತ್ತಿರದಿಂದ ಟಿಫಿನ್ ಡಬ್ಬಿಯನ್ನು ಎತ್ತಿ, ತಂದವನ ಕೈಗೇ ತುರುಕಿದ. ಇದು ಮೂರನೆಯ ಸಲ. ತಂದವನು ಗಬ್ಬೂರಿನ ಸಾಬಣ್ಣ, ಕುರಿ ಮೇಯಿಸುವ ಮನೆತನದ ಮುದುಕ. ಬೆಳಗಿನ ಮೊದಲ ಬಸ್ಸಿಗೆ ರಾಯಚೂರಿನಲ್ಲಿ ಇಳಿದು, ಹೆಗಲ ಕಂಬಳಿಯನ್ನೂ ಇಳಿಸದೆ, ಶಾಮಿಯಾನದೊಳಗೆ ಕೂತ ಹೆಂಗಸರನ್ನು ದಾಟಿಕೊಂಡು ಸೀದಾ ಹೆಣದ ಹತ್ತಿರ ಹೋಗಿ ನಿಂತಿದ್ದ.

"ಡಬ್ಬಿ ಉರುಕುಂದಪ್ಪಂದು," ಎಂದ ಸಾಬಣ್ಣ. "ನಾ ಇದನ್ನ ಇಟಗೊಂಡು ಏನು ಮಾಡ್ಲಿ? ನನ್ನ ಬುಕ್ಕು ಕೊಟ್ಟುಬಿಡ್ರಿ, ಕೈ ಮುಗದು ಮೂಲ್ಯಾಗ ಕುಂದ್ರತೀನಿ."

"ಸತ್ತ ಮನಿಗೆ ಬಂದು ಬುಕ್ಕು ಕೇಳತೀಯಲ್ಲ ಯಪ್ಪಾ."

"ಕೇಳಾಕ ಬಂದಿಲ್ಲೋ ತಮ್ಮ. ನಿನ್ನೆ ಅವನೇ ಕೊಡಾಕ ಬರಾಕತ್ತಿದ್ದ. ದೇವದುರ್ಗಕ್ಕ ಹೊಂಟೀನಿ, ತಿರುಗಿ ಬರೂವಾಗ ಗಬ್ಬೂರಿಗೆ ಇಳೀತೀನಿ, ಡಬ್ಬಿ ತೊಳದಿಡು ಅಂತ ಫೋನ್ ಮಾಡಿದ್ದ. ತೊಳದಿಟ್ಟೆ. ಸಂಜಿತನಕ ಸ್ಟ್ಯಾಂಡಿನಾಗ ಕುಂತೆ. ಬರಲಿಲ್ಲ."

ಹೇಗೆ ಬಂದಾನು? ದೇವದುರ್ಗದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ರಾಯಚೂರಿನ ಬಸ್ಸು ಕಾಯುತ್ತ ಕೂತವನು ಕೂತಲ್ಲೇ ಹೋಗಿಬಿಟ್ಟಿದ್ದ. ಎರಡು ಬಸ್ಸು ಬಂದು ಹೋದರೂ ಏಳಲಿಲ್ಲವೆಂದು ಮೂರನೆಯ ಬಸ್ಸಿನ ಕಂಡಕ್ಟರ್ ಬಂದು ಭುಜ ಅಲುಗಾಡಿಸಿದಾಗಲೇ ಗೊತ್ತಾದದ್ದು. ವಯಸ್ಸು ಐವತ್ತೆಂಟು. ಊರ ಹೊರಗಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅಟೆಂಡರ್. ಅದೂ ಕಾಯಂ ಅಲ್ಲ. ಪ್ರತಿ ಮಾರ್ಚಿಗೆ ತೆಗೆದುಹಾಕಿ ಪ್ರತಿ ಏಪ್ರಿಲ್‌ಗೆ ಮತ್ತೆ ತೆಗೆದುಕೊಳ್ಳುವ ಕೆಲಸ.

ಗೋಪಮ್ಮ ಗಂಡನ ತಲೆಯ ಹತ್ತಿರ ಕೂತು ಅತ್ತು ಅತ್ತು ಸುಸ್ತಾಗಿದ್ದಳು. ಡಬ್ಬಿ ಕಣ್ಣಿಗೆ ಬಿದ್ದದ್ದೇ ನೆಟ್ಟಗಾದಳು.

"ಅದನ್ನ ಇಲ್ಲಿ ಕೊಡು."

ಡಬ್ಬಿಯ ಮುಚ್ಚಳ ತಿರುವಿ, ಅದರ ಮೇಲೆ ಕೊರೆಸಿದ್ದ ತನ್ನ ತವರಿನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹೆಣದ ಕಡೆ ತಿರುಗಿದಳು. "ಬಸ್ಸಿನಾಗ ಮರತೆ ಅಂದಿದ್ದಿಯಲ್ಲ? ಅದಕ್ಕ ನಾ ಎರಡು ದಿನ ಅಡಗಿ ಮಾಡಿದ್ದಿಲ್ಲಲ್ಲ? ಗಬ್ಬೂರಾಗ ಇಟ್ಟು ಬಂದಿದ್ದೇನು? ಏಳು, ಈಗ ಮಾತಾಡು."

ಹೆಂಗಸರಲ್ಲಿ ಒಬ್ಬಳು ಸೆರಗಿನಲ್ಲಿ ನಕ್ಕಳು. ನಕ್ಕದ್ದಕ್ಕೆ ನಾಚಿ ಜೋರಾಗಿ ಅಳತೊಡಗಿದಳು.

ಸಂಜೀವನ ಸೋದರಮಾವ ಪಂಪಾಪತಿ ಒಳಗಿನಿಂದ ಸತ್ತವನ ಚೀಲ ತಂದು ಜಗುಲಿಯ ಮೇಲೆ ಸುರಿದ. ನೀರಿನ ಬಾಟಲಿ, ಕಪ್ಪಗಾದ ಎರಡು ಬಾಳೆಹಣ್ಣು, ಪೇಪರಿನಲ್ಲಿ ಸುತ್ತಿದ ನೋಟ್‌ಬುಕ್ಕು, ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು. ನೋಟ್‌ಬುಕ್ಕು ಸಾಬಣ್ಣನ ಅಜ್ಜ ಹಾಡಿ ಬರೆಸಿದ ಡೊಳ್ಳಿನ ಪದಗಳದು. ಸಾಬಣ್ಣ ಅದನ್ನು ಹಣೆಗೆ ಒತ್ತಿಕೊಂಡು ಕಂಬಳಿಯೊಳಗೆ ಸೇರಿಸಿ, ಕೊಟ್ಟ ಮಾತಿನಂತೆ ಮೂಲೆಗೆ ಹೋಗಿ ಕೂತ.

ಚೀಟಿಗಳನ್ನು ಸಂಜೀವ ಒಂದೊಂದಾಗಿ ತಿರುವಿದ. ಪ್ರತಿ ಚೀಟಿಯಲ್ಲೂ ಅಪ್ಪನ ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: ಊರು, ಮನೆಯವರ ಹೆಸರು, ಪುಸ್ತಕ, ಕೊನೆಗೆ ಅದರ ಬದಲಿಗೆ ಇಟ್ಟು ಬಂದ ಸಾಮಾನು. ಪೋತ್ನಾಳ, ಗಡಿಯಾರ. ನೀರಮಾನ್ವಿ, ಜಂಬಮ್ಮ, ಕೊಡೆ. ಪುಸ್ತಕ ತಿರುಗಿ ಹೋದ ಮೇಲೆ ಆ ಸಾಲಿನ ಮೇಲೆ ಒಂದು ಉದ್ದನೆಯ ಗೆರೆ. ಗೆರೆ ಬೀಳದವು ಎರಡೇ. ಒಂದು ಗಬ್ಬೂರಿನದು. ಇನ್ನೊಂದು ಕಂದು ತಿರುಗಿದ್ದ ಚೀಟಿ, ಹರಿದಲ್ಲಿ ಟೇಪು ಹಚ್ಚಿದ್ದು.

ಮಾನ್ವಿ. ಶಹಜಾದಿ ಬೇಗಂ. ಬಾವಿಗಳ ದಫ್ತರ. ಮಗಂದು.

ಸಂಜೀವ ಅವ್ವನ ಕಡೆ ಒಮ್ಮೆ ನೋಡಿ ಆ ಚೀಟಿಯನ್ನು ಜೇಬಿಗೆ ಹಾಕಿಕೊಂಡ.

"ಲೇ ಸಂಜ್ಯಾ," ಎಂದ ಪಂಪಾಪತಿ, "ಹೊತ್ತು ಮುಳುಗೂದರಾಗ ನೀರಮಾನ್ವಿಯಾಗ ಮಣ್ಣು ಆಗಬೇಕು. ನಮ್ಮ ಮನಿ ಪದ್ಧತಿ ಗೊತ್ತದಲ್ಲ? ಕುಣಿಯಾಗ ಇಳಿಸಿದ ಮ್ಯಾಲ ನಾ ಕೇಳತೀನಿ, ಇವನ ಹತ್ರ ಯಾರದಾದ್ರೂ ಏನಾದ್ರೂ ಉಳದದ ಏನು ಅಂತ. ಯಾರದೂ ಇಲ್ಲ ಅಂತ ನೀ ಹೇಳಬೇಕು. ಮಗ ಹೇಳಿದ ಮ್ಯಾಲೇ ಮಣ್ಣು."

"ಇದ್ರ?"

"ಏನಿದ್ರ?"

"ಯಾರದಾದ್ರೂ ಉಳದಿದ್ರ?"

ಪಂಪಾಪತಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅರವತ್ತು ವರ್ಷದಾಗ ಹಂಗ ಯಾರೂ ಕೇಳಿಲ್ಲಪಾ. ಇಲ್ಲ ಅಂತಾರ, ಮಣ್ಣು ಹಾಕತಾರ."

*

ಸಂಜೀವ ಬೆಳೆದದ್ದೇ ಸಾಮಾನು ಕಾಣೆಯಾಗುವ ಮನೆಯಲ್ಲಿ.

ಅಪ್ಪ ಕೆಲಸ ಮಾಡುತ್ತಿದ್ದ ಲೈಬ್ರರಿಯ ಕಟ್ಟಡ ದೊಡ್ಡದು, ಕಪಾಟುಗಳು ದೊಡ್ಡವು, ಪುಸ್ತಕ ಕಡಿಮೆ. ಪಿಎಚ್‌ಡಿ ಮಾಡುವವರು ಬಂದು ಒಂದು ಪುಸ್ತಕ ಕೇಳಿದರೆ ಮೂರು ಪ್ರತಿಯಲ್ಲಿ ಫಾರಂ ತುಂಬಿಸಿಕೊಂಡು ಬೇರೆ ವಿಶ್ವವಿದ್ಯಾಲಯಕ್ಕೆ ಎರವಲು ಕೇಳಿ ಬರೆಯುತ್ತಿದ್ದರು. ನಾಲ್ಕು ತಿಂಗಳಿಗೆ ಉತ್ತರ ಬರುತ್ತಿತ್ತು: ಸದರಿ ಪುಸ್ತಕ ಹೊರಗೆ ಹೋಗಿದೆ. ಇನ್ನು ಕೆಲವು ಯಾವ ಲೈಬ್ರರಿಯಲ್ಲೂ ಇಲ್ಲದಂಥವು. ಯಾರದೋ ಮನೆಯ ಗೂಡಿನಲ್ಲಿ, ಜೋಳದ ಚೀಲದ ಹಿಂದೆ, ಬಟ್ಟೆಯ ಗಂಟಿನಲ್ಲಿ ಇರುವಂಥವು. ಅವನ್ನು ಹುಡುಕುತ್ತಿದ್ದವನು ಉರುಕುಂದಪ್ಪ. ಏಳನೇ ಇಯತ್ತೆ ಓದಿದ ಅಟೆಂಡರ್, ಬಸ್ಸು ಹತ್ತಿ ಹೋಗುತ್ತಿದ್ದ. ವಿಶ್ವವಿದ್ಯಾಲಯದ ಲೆಟರ್‌ಹೆಡ್ಡು ತೋರಿಸಿದರೆ ಜನ ಬಾಗಿಲು ಹಾಕುತ್ತಿದ್ದರು. ಉರುಕುಂದಪ್ಪ ಕೇಳಿದರೆ ಕೊಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅವನನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಪುಸ್ತಕ ಮಾತ್ರ ಹೊಸ್ತಿಲು ದಾಟಿ ಅವನ ಕೈಗೆ ಬರುತ್ತಿತ್ತು.

ಕೊಡುತ್ತಿದ್ದುದಕ್ಕೆ ಕಾರಣ ಅವನ ಪದ್ಧತಿ. ಪುಸ್ತಕ ಎತ್ತಿದ ಜಾಗ ಖಾಲಿ ಬಿಡುತ್ತಿರಲಿಲ್ಲ. ಮೈಮೇಲೆ, ಚೀಲದಲ್ಲಿ ತನ್ನದೊಂದು ಏನಿದೆಯೋ ಅದನ್ನು ಅಲ್ಲಿ ಇಟ್ಟು ಬರುತ್ತಿದ್ದ. ಪುಸ್ತಕ ತಿರುಗಿ ಅದೇ ಜಾಗದಲ್ಲಿ ಕೂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ತನ್ನ ಸಾಮಾನು ಮುಟ್ಟುತ್ತಿದ್ದ. ಹೀಗಾಗಿ ಮಳೆ ಬಂದ ದಿನ ಆ ಮನೆಯಲ್ಲಿ ಕೊಡೆ ಇರುತ್ತಿರಲಿಲ್ಲ. ಊರಿಗೆ ಹೊರಟ ದಿನ ಬೀಗ ಇರುತ್ತಿರಲಿಲ್ಲ. ಗೋಪಮ್ಮನ ತಂಬಿಗೆ ಒಮ್ಮೆ ಆರು ತಿಂಗಳು ಪೋತ್ನಾಳದಲ್ಲಿತ್ತು.

ಹನ್ನೊಂದು ವರ್ಷದ ಹಿಂದಿನ ಜೂನ್‌ನಲ್ಲಿ ಸಂಜೀವ ಹತ್ತನೆಯ ತರಗತಿ ಪಾಸಾದ. ನೂರಕ್ಕೆ ಎಂಬತ್ತೊಂದು. ಎಲೆಕ್ಟ್ರಿಕಲ್ ಡಿಪ್ಲೊಮಾಕ್ಕೆ ಹೆಸರು ಬಂದಿತ್ತು. ಶನಿವಾರ ಮೂಲ ಅಂಕಪಟ್ಟಿ ತರಬೇಕೆಂದು ಹೇಳಿದ್ದರು. ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆಂದು ಅಪ್ಪ ಕವರನ್ನು ಚೀಲಕ್ಕೆ ಹಾಕಿಕೊಂಡ. ಅವತ್ತೇ ಲೈಬ್ರರಿಯಲ್ಲಿ ಪ್ರಭುರಾಜ ಎಂಬ ಸಂಶೋಧನಾ ವಿದ್ಯಾರ್ಥಿ ಅವನ ಬೆನ್ನು ಹತ್ತಿದ. ದೇವದುರ್ಗ ಸೀಮೆಯ ಬಾವಿಗಳ ಮೇಲೆ ಅವನ ಪಿಎಚ್‌ಡಿ. ನಿಜಾಮರ ಕಾಲದಲ್ಲಿ ಮಾನ್ವಿಯ ಒಬ್ಬ ಸರ್ವೇದಾರ ಊರೂರು ತಿರುಗಿ ಒಂದೊಂದು ಬಾವಿಯ ಆಳ, ನೀರು, ಕಲ್ಲು ಎಲ್ಲ ಬರೆದಿಟ್ಟ ದಫ್ತರ ಇದೆಯಂತೆ, ಮೊಮ್ಮಗಳ ಹತ್ತಿರ ಇದೆಯಂತೆ, ಮೂರು ದಿನ ಸಿಕ್ಕರೆ ಸಾಕಂತೆ.

ಉರುಕುಂದಪ್ಪ ಮಾನ್ವಿಗೆ ಹೋದ. ಶಹಜಾದಿ ಬೇಗಂ ದಫ್ತರ ಕೊಟ್ಟರು. ಕಪಾಟಿನಲ್ಲಿ ಇಡಲು ನೋಡಿದರೆ ಚೀಲದಲ್ಲಿ ಏನೂ ಇಲ್ಲ. ಕೊಡೆ ನೀರಮಾನ್ವಿಯಲ್ಲಿ, ಗಡಿಯಾರ ಪೋತ್ನಾಳದಲ್ಲಿ. ಇದ್ದದ್ದು ಕವರ್ ಒಂದೇ. ಮೂರೇ ದಿನವಲ್ಲವೇ ಎಂದು ಅದನ್ನೇ ಇಟ್ಟು ಬಂದ.

ಮೂರು ದಿನ ಆಯಿತು. ಪ್ರಭುರಾಜ ನಾಳೆ ಎಂದ. ಆಮೇಲೆ ಫೋನ್ ಎತ್ತಲಿಲ್ಲ. ಆಮೇಲೆ ಹೈದರಾಬಾದಿನಲ್ಲಿ ಇದ್ದೇನೆ ಎಂದ. ಶುಕ್ರವಾರ ಸಂಜೆ ಸಂಜೀವ ಅಪ್ಪನ ಕಾಲ ಬುಡದಲ್ಲಿ ಕೂತಿದ್ದ.

"ಮಾನ್ವಿ ಏನು ದೂರ ಅದ ಯಪ್ಪಾ? ಹೋಗಿ ಕವರ್ ಇಸಗೊಂಡು ಬಾ. ಪುಸ್ತಕ ಆಮ್ಯಾಲ ತಂದು ಕೊಡತೀನಿ ಅನ್ನು. ಆಯಮ್ಮ ಒಲ್ಲೆ ಅಂತಾಳೇನು?"

"ಒಲ್ಲೆ ಅನ್ನಂಗಿಲ್ಲಪಾ. ಅದಕ್ಕೇ ಕೇಳಾಕ ಬರಂಗಿಲ್ಲ."

"ಹಂಗಂದ್ರ?"

"ಪುಸ್ತಕ ಇಡದ ನನ್ನ ಸಾಮಾನು ಎತ್ತಿಕೊಂಡು ಬಂದ್ರ ಅದು ಎರವಲ್ಲ. ಕಳವು."

ಶನಿವಾರ ಬಂತು, ಹೋಯಿತು. ಬೋರ್ಡಿಗೆ ಬರೆದು ತರಿಸಿದ ನಕಲು ಅಂಕಪಟ್ಟಿ ಡಿಸೆಂಬರ್‌ನಲ್ಲಿ ಬಂತು. ಅಷ್ಟೊತ್ತಿಗೆ ಸಂಜೀವ ಗಂಜ್ ಮಾರುಕಟ್ಟೆಯ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ತಾಮ್ರದ ತಂತಿ ಬಿಚ್ಚುತ್ತ ಕೂತಿದ್ದ. ಮುಂದಿನ ವರ್ಷ ಹಾಕು ಎಂದ ಅಪ್ಪ. ಸಂಜೀವ ಆ ನಕಲಿನ ಲಕೋಟೆಯನ್ನು ಒಡೆದೂ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಅಪ್ಪ ಮಗ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಇದ್ದರು. ಊಟ ಆತೇನು, ಬೀಗ ಎಲ್ಲದ, ಇಷ್ಟು ಬಿಟ್ಟರೆ ಮಾತಿರಲಿಲ್ಲ.

*

ಹತ್ತೂವರೆಗೆ ಶಾಮಿಯಾನದ ಮುಂದೆ ಆಟೋ ನಿಂತಿತು. ಕೋಲೂರಿಕೊಂಡು ಇಳಿದ ಮುದುಕಿಯನ್ನು ಸಂಜೀವ ಮೊದಲು ಯಾವತ್ತೂ ನೋಡಿರಲಿಲ್ಲ. ಆದರೂ ಅವಳು ಎದೆಗೆ ಅವಚಿಕೊಂಡಿದ್ದ ಹಸಿರು ಬಟ್ಟೆಯ ಗಂಟು ಕಂಡದ್ದೇ ಯಾರೆಂದು ಗೊತ್ತಾಯಿತು.

ಶಹಜಾದಿ ಬೇಗಂ ಗೋಪಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು. ಆಮೇಲೆ ಬೇಗಂ ತಲೆ ಎತ್ತಿ, "ಮಗ ಯಾರು ಇದರಾಗ?" ಎಂದರು.

ಸಂಜೀವ ಮುಂದೆ ಬಂದ.

"ಇದು ನಿಂದು ಬೇಟಾ. ನಾ ಒಡದು ನೋಡಿಲ್ಲ."

ಹಸಿರು ಬಟ್ಟೆಯೊಳಗೆ ಕಂದು ಕವರ್. ಕವರಿನೊಳಗೆ ಅಂಕಪಟ್ಟಿ, ಮಡಿಕೆ ಕೂಡ ಕೆಡದೆ ಇತ್ತು. ತನ್ನ ಹೆಸರು, ಅಪ್ಪನ ಹೆಸರು, ಗಣಿತಕ್ಕೆ ತೊಂಬತ್ತಾರು. ಸಂಜೀವನ ಕೈಬೆರಳುಗಳಲ್ಲಿ ವಾರ್ನಿಷ್ ಕಲೆ ಇತ್ತು. ಕಾಗದಕ್ಕೆ ತಗಲದಂತೆ ಅಂಚಿನಲ್ಲಿ ಹಿಡಿದುಕೊಂಡ.

"ವರ್ಷಾ ಬಕ್ರೀದ್ ಮರುದಿನ ಬರತಿದ್ದ," ಎಂದರು ಬೇಗಂ. "ಒಳಗ ಬಾ ಅಂದ್ರ ಬರತಿದ್ದಿಲ್ಲ, ಬಾಗಲದಾಗೇ ಕುಂದ್ರತಿದ್ದ. ಇನ್ನ ಮೂರು ದಿನ ಕೊಡ್ರಿ ಅಮ್ಮಾ ಅಂತಿದ್ದ. ನಾ ಈ ಕವರ್ ತಂದು ಮುಂದ ಹಿಡೀತಿದ್ದೆ, ಒಯ್ಯಪಾ, ನಿನ್ನ ಮಗಂದು ಅಂತೀಯಲ್ಲ ಅಂತ. ಕೈ ಹಿಂದ ಕಟಗೊಂಡು ನಿಂದ್ರತಿದ್ದ."

"ಒಳಗ ಏನದ ಅಂತ ಹೇಳಿದ್ದನೇನ್ರಿ?"

"ಇಲ್ಲ. ಹೇಳಿದ್ರ ನಾ ಸುಮ್ನ ಬಿಡತಿದ್ನೇನು? ಅವನ ಹಿಂದೇ ಬಸ್ಸು ಹತ್ತಿ ಬಂದು ಕೊಟ್ಟು ಹೋಗತಿದ್ದೆ."

ಹನ್ನೊಂದು ವರ್ಷದ ಸಿಟ್ಟಿನಲ್ಲಿ ಸಂಜೀವ ಬೈಯಬೇಕೆಂದು ಹೆಣದ ಕಡೆ ತಿರುಗಿದ. ಮೂಗಿಗೆ ಹತ್ತಿ, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದವನಿಗೆ ಏನೆಂದು ಬೈಯುವುದು?

"ಇವತ್ತು ದಫ್ತರ ಕೇಳಾಕ ಬಂದಿಲ್ಲ ಬೇಟಾ," ಎಂದರು ಬೇಗಂ. "ಕೊನಿ ಹಾಳಿಮ್ಯಾಗ ನಮ್ಮ ದಾದಾ, ಸರ್ವೇ ಮಾಡಿದ ಅಜ್ಜ, ಮನಿ ಮಕ್ಕಳು ಹುಟ್ಟಿದ ತಾರೀಖು ಬರದಾರ. ನಾ ಹುಟ್ಟಿದ್ದು ಅಲ್ಲೊಂದು ಕಡೆ ಅದ, ಬ್ಯಾರೆ ಎಲ್ಲೂ ಇಲ್ಲ. ಇರಲಿ. ಸಿಕ್ಕ ದಿನ ಸಿಗಲಿ."

ಅದೇ ಹೊತ್ತಿಗೆ ವಿಶ್ವವಿದ್ಯಾಲಯದ ಕಡೆಯವರು ಬಂದರು. ಮುಂದೆ ದೊಡ್ಡ ಹಾರ ಹಿಡಿದುಕೊಂಡು ಡಾ. ಪ್ರಭುರಾಜ, ಈಗ ಪ್ರೊಫೆಸರ್, ಕನ್ನಡಕದ ಚೌಕಟ್ಟು ಬಂಗಾರದ ಬಣ್ಣದ್ದು. ಹಾರ ಹಾಕಿದರು, ಕಣ್ಣು ಮುಚ್ಚಿ ನಿಂತರು, ಆಮೇಲೆ ಜನರ ಕಡೆ ತಿರುಗಿ ಗಂಟಲು ಸರಿ ಮಾಡಿಕೊಂಡರು.

"ಉರುಕುಂದಪ್ಪನವರು ನಮ್ಮ ಗ್ರಂಥಾಲಯದ ಮತ್ತು ಈ ನಾಡಿನ ಅಜ್ಞಾತ ಜ್ಞಾನಸಂಪತ್ತಿನ ನಡುವಿನ ಸೇತುವೆಯಾಗಿದ್ದರು..."

"ಸರ್," ಎಂದ ಸಂಜೀವ, "ಬಾವಿಗಳ ದಫ್ತರ ಎಲ್ಲದ?"

"ಏನು?"

"ಮೂರು ದಿನಕ್ಕಂತ ಒಯ್ದಿದ್ರಲ್ಲ. ಅವರು ಇಲ್ಲೇ ಕುಂತಾರ ನೋಡ್ರಿ, ದಫ್ತರ ಕೊಟ್ಟವರು."

ಪ್ರಭುರಾಜರು ಬೇಗಂ ಕಡೆ ನೋಡಿ ಅರ್ಧ ಕೈ ಮುಗಿದರು. "ಅದು ಭದ್ರ ಅದ. ಲೈಬ್ರರಿ ಒಳಗೇ ಅದ. ಗಾಜಿನ ಕಪಾಟಿನಾಗ. ಇವತ್ತು ಅದರ ಮಾತು ಯಾಕ? ಮುಂದಿನ ವಾರ ಬಂದು..."

"ಹೊತ್ತು ಮುಳುಗೂದರಾಗ ನಾ ಕುಣಿ ಹತ್ರ ನಿಂತು, ಯಾರದೂ ಇಲ್ಲ ಅಂತ ಹೇಳಬೇಕ್ರಿ. ನಾ ಸುಳ್ಳು ಹೇಳಂಗಿಲ್ಲ. ಬರ್ರಿ, ಗಾಡಿ ಹತ್ರಿ."

"ಕಾರ್ ಅದ..."

"ಕಾರ್ ಓಣಿ ದಾಟೂದರಾಗ ಮಧ್ಯಾಹ್ನ ಆಗತದ. ನನ್ನ ಬೈಕ್ ಹತ್ರಿ."

"ಲೇ ಸಂಜ್ಯಾ, ಹೆಣ ಬಿಟ್ಟು ಎಲ್ಲಿಗೋ?" ಎಂದು ಪಂಪಾಪತಿ ಕೂಗಿದ. ಗೋಪಮ್ಮ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು, "ಹೋಗಲಿ ಬಿಡಣ್ಣ," ಎಂದಳು. "ಅವರಪ್ಪ ಎಲ್ಲಿಗೆ ಹೊಂಟಾನಂತ ನಾವು ಯಾವತ್ತರ ಕೇಳಿದ್ದೆವೇನು?"

*

ಲೈಬ್ರರಿಯ ಬಾಗಿಲಿಗೆ ಕಾಗದ ಅಂಟಿಸಿದ್ದರು: ನಮ್ಮ ಸಿಬ್ಬಂದಿ ಶ್ರೀ ಉರುಕುಂದಪ್ಪನವರ ನಿಧನದ ಪ್ರಯುಕ್ತ ಇಂದು ಪುಸ್ತಕ ವಿತರಣೆ ಇರುವುದಿಲ್ಲ.

"ನೋಡ್ರಿ," ಎಂದ ಸಂಜೀವ ಕಾಗದದ ಕಡೆ ತಿರುಗಿ. "ಸತ್ತು ಇದೊಂದು ಅಡ್ಡ ಹಾಕ್ಯಾನ."

ಒಳಗೆ ಸಹಾಯಕಿ ಲಲಿತಾ ಒಬ್ಬಳೇ ಇದ್ದಳು. ಅತ್ತ ಕಣ್ಣು ಇನ್ನೂ ಕೆಂಪಗಿತ್ತು. ವಿಷಯ ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದಳು.

"ಅದಕ್ಕ ನಂಬರ್ ಬಿದ್ದದ್ರಿ. ಇದು ನಮ್ಮ ಪುಸ್ತಕ."

"ಹ್ಯಾಂಗ ನಿಮ್ಮದಾತ್ರಿ?"

ಲಲಿತಾ ಪ್ರಭುರಾಜರ ಕಡೆ ನೋಡಿದಳು. ಪ್ರಭುರಾಜರು ಫ್ಯಾನಿನ ಕಡೆ ನೋಡಿದರು. "ಒಂಬತ್ತು ವರ್ಷದ ಹಿಂದ ಪರಿಶೀಲನಾ ಕಮಿಟಿ ಬಂದಿತ್ತು," ಎಂದರು. "ನಿಮ್ಮಲ್ಲಿ ಅಪರೂಪದ ಗ್ರಂಥ ಎಷ್ಟವ ಅಂತ ಕೇಳತಾರ. ನಮ್ಮ ಹತ್ರ ಒಂದೂ ಇದ್ದಿಲ್ಲ. ಆವಾಗ ಯಾರ್ಯಾರ ಟೇಬಲ್ ಮ್ಯಾಲ ಏನೇನಿತ್ತೋ ಎಲ್ಲ ಕೂಡಿಸಿ..."

"ಎರವು ತಂದಿದ್ದಕ್ಕ ನಂಬರ್ ಹಾಕಿದ್ರಿ."

"ಆವಾಗಿನ ಪರಿಸ್ಥಿತಿ ಹಂಗಿತ್ತು."

"ಆಯ್ತು. ಈಗ ಕೊಡ್ರಿ."

"ಆ ಕಪಾಟಿನದು ಹೊರಗ ಕೊಡಂಗಿಲ್ರಿ," ಎಂದಳು ಲಲಿತಾ. "ಕೊಟ್ರೂ ಸದಸ್ಯರಿಗೆ ಅಷ್ಟೇ."

"ಸದಸ್ಯ ಆಗತೀನಿ."

"ಡಿಗ್ರಿ ಆಗಿರಬೇಕ್ರಿ."

ಸಂಜೀವ ನಕ್ಕ. ನಗು ಅವನಿಗೇ ಕೆಟ್ಟದಾಗಿ ಕೇಳಿಸಿತು. "ಬ್ಯಾರೆ ದಾರಿ?"

"ಬ್ಯಾರೆ ಸಂಸ್ಥೆ ಕಡೆಯಿಂದ ಎರವಲು ಫಾರಂ ಬರಬೇಕು. ಮೂರು ಪ್ರತಿ."

"ನಾನೂ ಒಂದು ಸಂಸ್ಥೆ ಅಂತ ತಿಳಕೊಳ್ರಿ. ಗಂಜ್ ಮೋಟಾರ್ ವೈಂಡಿಂಗ್ ವರ್ಕ್ಸ್. ಬರಕೊಳ್ರಿ."

ಲಲಿತಾ ಬರೆದುಕೊಳ್ಳಲಿಲ್ಲ. ಎದ್ದು ಹೋಗಿ ಒಂದು ಫೈಲು ತಂದು ಅವನ ಮುಂದೆ ಇಟ್ಟಳು. ಒಳಗೆ ಒಂಬತ್ತು ಅರ್ಜಿ, ವರ್ಷಕ್ಕೊಂದು. ಎಲ್ಲವೂ ಅದೇ ದುಂಡನೆಯ ಅಕ್ಷರ: ಸದರಿ ದಫ್ತರವು ಎರವು ತಂದಿದ್ದು ಇರುತ್ತದೆ, ಮಾನ್ವಿಗೆ ತಿರುಗಿ ಕೊಡಲು ಅಪ್ಪಣೆ ಆಗಬೇಕು. ಎಲ್ಲದರ ಮೂಲೆಯಲ್ಲೂ ಹಸಿರು ಮಸಿಯಲ್ಲಿ ಒಂದೇ ಮಾತು: ಪರಿಶೀಲಿಸಿ.

"ಆ ಕಪಾಟಿನ ಬೀಗದಕೈ ಯಾರ ಹತ್ರ ಇರತಿತ್ತು?"

"ಅವರ ಹತ್ರಾನೇ. ದಿನಾ ಮುಂಜಾನೆ ತೆಗೆದು ಧೂಳು ಒರೆಸತಿದ್ರು."

ಒಂಬತ್ತು ವರ್ಷ. ದಿನಾ ಮುಂಜಾನೆ ಕೈಗೆ ಎಟಕುತ್ತಿತ್ತು. ಚೀಲಕ್ಕೆ ಹಾಕಿಕೊಂಡು ಮಾನ್ವಿ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಒರೆಸಿ, ಅಲ್ಲೇ ಇಟ್ಟು, ಬೀಗ ಹಾಕಿ, ಅರ್ಜಿ ಬರೆದಿದ್ದಾನೆ. ಇಂಥ ಮನುಷ್ಯನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಸಂಜೀವ ಫೈಲನ್ನು ದಪ್ಪನೆ ಮುಚ್ಚಿದ.

ಲಲಿತಾ ಬ್ಯಾಗಿನಿಂದ, ನಿನ್ನೆ ಉರುಕುಂದಪ್ಪ ಕೊಟ್ಟು ಹೋಗಿದ್ದ ಬೀಗದಕೈ ತೆಗೆದಳು. ಕಪಾಟು ತೆರೆದು ದಫ್ತರವನ್ನು ಎರಡೂ ಕೈಯಲ್ಲಿ ಹೊರಗೆ ತಂದಳು. ಟೇಬಲ್ಲಿನ ಮೇಲೆ ಇಡುವಷ್ಟರಲ್ಲಿ ಬೆನ್ನಿನ ಮೇಲಿದ್ದ ನಂಬರಿನ ಲೇಬಲ್ಲು ಉದುರಿ ಕೆಳಗೆ ಬಿತ್ತು.

"ಇದೇನಿದು?" ಎಂದಳು. "ಅವರು ಹಚ್ಚಿದ ಲೇಬಲ್ ಯಾವತ್ತೂ ಬಿದ್ದಿಲ್ಲಲ್ಲ."

ಸಂಜೀವ ಲೇಬಲ್ಲನ್ನು ಎತ್ತಿ ಹಿಂದೆ ನೋಡಿದ. ಒಂದು ಅಂಚಿಗೆ ಮಾತ್ರ ಅನ್ನದ ಗಂಜಿ ತಾಗಿಸಿದ ಗುರುತು. ಲಲಿತಾ ಗಾಬರಿಯಿಂದ ಮೊದಲ ಪುಟ ತಿರುವಿದಳು. ವಿಶ್ವವಿದ್ಯಾಲಯದ ಠಸ್ಸೆ ಇತ್ತು; ಆದರೆ ದಫ್ತರದ ಹಾಳೆಯ ಮೇಲಲ್ಲ, ಒಳಗೆ ಸಿಕ್ಕಿಸಿದ್ದ ಒಂದು ಬಿಡಿ ಹಾಳೆಯ ಮೇಲೆ. ಎರಡನೆಯ ಠಸ್ಸೆಯೂ ಬಿಡಿ ಹಾಳೆಯ ಮೇಲೆ. ಕೊನೆಯದೂ. ಮೂರನ್ನೂ ಎಳೆದು ತೆಗೆದಾಗ ದಫ್ತರ ಮಾನ್ವಿಯಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಇತ್ತು.

ಲಲಿತಾ ದಫ್ತರವನ್ನು ಸಂಜೀವನ ಕಡೆ ಸರಿಸಿದಳು. "ಒಯ್ರಿ. ಬರೂ ತಿಂಗಳು ಪುಸ್ತಕ ಎಣಿಸಾಕ ಬರತಾರ, ಕೇಳಿದ್ರ ನಾ ಹೇಳತೀನಿ. ಆದ್ರ ಆ ಜಾಗ..." ಕಪಾಟಿನಲ್ಲಿ ಎರಡು ದಪ್ಪ ಪುಸ್ತಕಗಳ ನಡುವೆ ಬಿದ್ದ ಸಂದಿಯನ್ನು ನೋಡಿದಳು. "ನಿಮ್ಮಪ್ಪ ಯಾವ ಜಾಗಾನೂ ಖಾಲಿ ಬಿಡತಿದ್ದಿಲ್ರಿ."

ಸಂಜೀವ ಜೇಬು ತಡವಿದ. ಫೋನು, ಬೈಕಿನ ಕೀಲಿ, ಟೆಸ್ಟರು. ಅಂಗಿಯೊಳಗೆ ಕಂದು ಕವರು.

"ಫೋನ್ ಬ್ಯಾಡ, ದಿನಾ ಬೇಕು," ಎಂದ, ಯಾರಿಗೋ ಲೆಕ್ಕ ಒಪ್ಪಿಸುವವನಂತೆ. "ಕೀಲಿ ಇಟ್ರ ಹೋಗೂದು ಹ್ಯಾಂಗ." ಕವರಿನಿಂದ ಅಂಕಪಟ್ಟಿಯನ್ನು ತೆಗೆದು, ಆ ಸಂದಿಯಲ್ಲಿ ನೆಟ್ಟಗೆ ನಿಲ್ಲಿಸಿದ. "ಹನ್ನೊಂದು ವರ್ಷ ಒಂದು ಕಪಾಟಿನಾಗ ಇತ್ತು. ಇನ್ನಷ್ಟು ದಿನ ಇದರಾಗ ಇರಲಿ."

ಪ್ರಭುರಾಜರು ಒಂದು ಹೆಜ್ಜೆ ಮುಂದೆ ಬಂದರು. ಕನ್ನಡಕ ತೆಗೆದು ಗಾಜಿನ ಹತ್ತಿರ ಬಗ್ಗಿ ಅಂಕಪಟ್ಟಿಯ ಮೇಲಿನ ತಿಂಗಳು, ವರ್ಷ ಓದಿದರು. ಇನ್ನೊಮ್ಮೆ ಓದಿದರು.

"ನನಗ ಗೊತ್ತಿದ್ದಿಲ್ಲ ಸಂಜೀವ."

"ಗೊತ್ತಾತಲ್ರಿ ಈಗ. ನೀವು ಬರದು ಕೊಡ್ರಿ, ಆ ನಂಬರ್ ಹೊಡದು ಹಾಕಸ್ರಿ. ಹಾಕಿಸಿದ ದಿನ ನಂದು ನಾ ಒಯ್ತೀನಿ. ಎಷ್ಟು ದಿನ ಬೇಕ್ರಿ ಸರ್ ನಿಮಗ?"

"ಮೂರು ದಿ..." ಎಂದವರು ಅಲ್ಲಿಗೇ ನಿಂತರು.

ಲಲಿತಾ ಗಾಜಿನ ಬಾಗಿಲು ಮುಚ್ಚಿ ಬೀಗ ಹಾಕಿದಳು.

*

ಹೆಣದ ಗಾಡಿ ರಾಯಚೂರು ಬಿಟ್ಟಾಗ ಮೂರು ಗಂಟೆ. ಗೂಡ್ಸ್ ಗಾಡಿಯ ಹಿಂದೆ ಉರುಕುಂದಪ್ಪ, ಅವನ ಸುತ್ತ ಸಂಜೀವ, ಪಂಪಾಪತಿ, ಸಾಬಣ್ಣ. ಮುಂದೆ ಡ್ರೈವರನ ಪಕ್ಕ ಶಹಜಾದಿ ಬೇಗಂ, ತೊಡೆಯ ಮೇಲೆ ಹಸಿರು ಬಟ್ಟೆಯಲ್ಲಿ ಸುತ್ತಿದ ದಫ್ತರ. ಮನೆಯಲ್ಲಿ ಸಂಜೀವ ಅದನ್ನು ಕೈಗೆ ಕೊಟ್ಟಾಗ ಅವರು ಕೊನೆಯ ಹಾಳೆ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಹಾಗೆಯೇ ಕೂತಿದ್ದರು. ಆಮೇಲೆ ಹೇಳಿದ್ದರು: "ಬೇಟಾ, ಕೈಗೆ ಕೊಟ್ರ ಮುಗೀಲಿಲ್ಲ. ತಗೊಂಡಲ್ಲೇ ಇಡೂದು ನಿಮ್ಮಪ್ಪನ ಪದ್ಧತಿ."

ನೀರಮಾನ್ವಿಯ ಹತ್ತಿರ ರಸ್ತೆಯ ಬದಿಯಲ್ಲಿ ನೆಂಟರು ಸಲಿಕೆ ಹಿಡಿದು ನಿಂತಿದ್ದರು. ಹಲಗೆ ಬಾರಿಸುವವರು ಬಾರಿಸಲು ಶುರು ಮಾಡಿದರು. ಗಾಡಿ ನಿಲ್ಲಲಿಲ್ಲ. ಹಲಗೆ ನಿಂತಿತು.

"ಎಲ್ಲಿಗ್ರೋ? ಕುಣಿ ಇಲ್ಲದ," ಎಂದು ಯಾರೋ ಓಡಿ ಬರುತ್ತ ಕೂಗಿದರು.

"ಪುಸ್ತಕ ಕೊಟ್ಟು ಬರತಾನಂತ, ತಡೀರಿ," ಎಂದು ಪಂಪಾಪತಿ ಗಾಡಿಯ ಮೇಲಿಂದ ಕೈ ಮಾಡಿದ. ಹೇಳಿ ತನ್ನ ಮಾತಿಗೆ ತಾನೇ ಬೇಸತ್ತು ತಲೆಗೆ ಟವೆಲ್ಲು ಹೊದ್ದುಕೊಂಡ. "ಸುಡುಗಾಡು ದಾಟಿಸಿ ಹೆಣ ಒಯ್ಯೂದು ನಾ ಹುಟ್ಟಿದಾಗಿನಿಂದ ನೋಡಿಲ್ಲಪಾ. ಈ ಭಾವ ಬದುಕಿದ್ದಾಗ ಹೆಂಗೋ ಸತ್ತ ಮ್ಯಾಲೂ ಹಂಗೇ."

ಮಾನ್ವಿಯ ಓಣಿ ಕಿರಿದು. ಗಾಡಿ ಮನೆಯ ಬಾಗಿಲಿಗೆ ಒತ್ತಿ ನಿಂತಿತು. ಹೆಣದ ಮುಖ ಬಾಗಿಲ ಕಡೆಗೆ ಇತ್ತು. ಬೇಗಂ ಸಂಜೀವನನ್ನು ಒಳಗೆ ಕರೆದುಕೊಂಡು ಹೋಗಿ ಗೋಡೆಯ ಕಪಾಟು ತೆರೆದರು. ಕೆಳಗಿನಿಂದ ಮೂರನೆಯ ಸಾಲಿನಲ್ಲಿ, ಗಾಜಿನ ಲೋಟಗಳ ಪಕ್ಕ, ಕವರಿನ ಅಳತೆಯ ಒಂದು ಜಾಗ ಖಾಲಿ ಇತ್ತು. ದಫ್ತರ ಅಲ್ಲಿ ಕೂತಿತು. ಸಂಜೀವ ಹಿಂದೆ ತಿರುಗಿದ. ಎರಡೂ ಬಾಗಿಲು ತೆರೆದಿದ್ದವು. ಗಾಡಿಯಲ್ಲಿ ಮಲಗಿದ್ದ ಅಪ್ಪನ ಮುಖ ಅಲ್ಲಿಂದ ನೇರ ಕಾಣುತ್ತಿತ್ತು. ಕಪಾಟಿಗೆ ಅಡ್ಡವಾಗದಂತೆ ಸಂಜೀವ ಒಂದು ಗಳಿಗೆ ಪಕ್ಕಕ್ಕೆ ಸರಿದು ನಿಂತ.

*

ಕುಣಿಯ ಮಣ್ಣು ಹಸಿಯಾಗಿತ್ತು. ಕಾಲುವೆ ಹತ್ತಿರದ ಕರಿಮಣ್ಣು. ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಉರುಕುಂದಪ್ಪನನ್ನು ಬಿಳಿ ಅಂಗಿಯಲ್ಲಿ ಕೆಳಗೆ ಇಳಿಸಿ, ಹಿಡಿದ ಹಗ್ಗ ಮೇಲಕ್ಕೆ ಎಳೆದುಕೊಂಡರು. ಹೆಂಗಸರು ಸುಮ್ಮನಾದರು. ಪಂಪಾಪತಿ ಕುಣಿಯ ತಲೆಗೆ ನಿಂತು ಕೇಳಿದ.

"ಉರುಕುಂದಪ್ಪನ ಹತ್ರ ಯಾರದಾದ್ರೂ ಏನಾದ್ರೂ ಉಳದದ ಏನು?"

ಸಂಜೀವ ಜೇಬಿನಿಂದ ಆ ಹಳೆಯ ಚೀಟಿ ತೆಗೆದ. ಪೆನ್ನು ಹುಡುಕಿದ, ಇರಲಿಲ್ಲ. ಬಗ್ಗಿ, ತೋರುಬೆರಳನ್ನು ಕುಣಿಯ ಅಂಚಿನ ಹಸಿ ಮಣ್ಣಿಗೆ ಅದ್ದಿ, ಅಪ್ಪ ಎಳೆಯುತ್ತಿದ್ದ ಹಾಗೆ ಎಡದಿಂದ ಗೆರೆ ಎಳೆಯತೊಡಗಿದ. ಮಾನ್ವಿಯ ಮೇಲೆ ಹೋಯಿತು, ಶಹಜಾದಿ ಬೇಗಂ ಮೇಲೆ, ಬಾವಿಗಳ ದಫ್ತರದ ಮೇಲೆ. ಅಲ್ಲಿಗೆ ಬೆರಳಿನ ಮಣ್ಣು ತೀರಿತು.

"ಯಾರದೂ ಇಲ್ಲ," ಎಂದ.

ಬೆರಳನ್ನು ಮತ್ತೆ ಮಣ್ಣಿಗೆ ಅದ್ದಲಿಲ್ಲ. ಕುಣಿಯೊಳಗೆ ಇಳಿದು ಚೀಟಿಯನ್ನು ಹಾಗೆಯೇ ಮಡಚಿ ಅಪ್ಪನ ಅಂಗಿಯ ಜೇಬಿಗೆ ಇಟ್ಟ. ಗೆರೆ ಬೀಳದ ಒಂದೇ ಮಾತು ಜೇಬಿನ ಅಂಚಿನಿಂದ ಹೊರಗೆ ಕಾಣುತ್ತಿತ್ತು: ಮಗಂದು.